14 ದಿನ ಎಣಿಸುವುದು ಎಲ್ಲಿಂದ?

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ನನ್ನದು. ಎಚ್‌ಆರ್ ಅಂದರೆ ಇಂಟರ್‌ವ್ಯೂ ಮಾಡೋದು ಅಂತ ನಮ್ಮ ಮನೆಯವರು ಇವತ್ತಿಗೂ ನಂಬಿದ್ದಾರೆ. ಶಿಫ್ಟ್ ಬಸ್ ಬರಲಿಲ್ಲ, ಕ್ಯಾಂಟೀನ್ ಸಾರಿಗೆ ಉಪ್ಪು ಜಾಸ್ತಿ, ಪಿಎಫ್‌ನಲ್ಲಿ ಅಪ್ಪನ ಹೆಸರು ತಪ್ಪಾಗಿದೆ: ನನ್ನ ದಿನ ಹೋಗುವುದು ಇದರಲ್ಲೇ. ಇದರ ಜೊತೆಗೆ ಮೆಷಿನ್ ಕೂರಿಸಲು ಹೊರದೇಶದಿಂದ ಬರುವ ಇಂಜಿನಿಯರ್‌ಗಳ ಕಾಗದಪತ್ರವೂ ನನ್ನ ತಲೆಗೇ ಬಿದ್ದಿದೆ.

2024ರ ಜೂನ್ 18, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ನಮ್ಮ ಕಾಂಟ್ರಾಕ್ಟ್ ಹುಡುಗರಿರುವ ರೂಮಿನ ಓನರ್.

"ಸಾರ್, ನೀವು ಬಾಂಗ್ಲಾದೇಶದವ್ರನ್ನ ತಂದು ನಮ್ಮ ಮನೇಲಿ ಇಟ್ಟಿದೀರಂತೆ. ಊರೆಲ್ಲ ಅದೇ ಮಾತು. ನಾಳೆ ಪೊಲೀಸ್ನೋರು ನನ್ನ ಹಿಡ್ಕೊಂಡ್ ಹೋದ್ರೆ ಯಾರ್ ಸಾರ್ ಜವಾಬ್ದಾರಿ?"

ಆ ಐದು ಹುಡುಗರು ಆ ರೂಮಿನಲ್ಲಿ ಏಳು ತಿಂಗಳಿಂದ ಇದ್ದರು. ಬಾಡಿಗೆ ಒಂದು ತಿಂಗಳೂ ತಡ ಮಾಡಿದವರಲ್ಲ. ಏಳು ತಿಂಗಳು ಇಲ್ಲದ ಅನುಮಾನ ಈಗ ಹೇಗೆ ಬಂತು ಅಂತ ಕೇಳಿದೆ. ಊರಿನ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೊ ಹಾಕಿದ್ದರಂತೆ. ಯಾವ ಊರಿನದೋ, ಯಾವ ವರ್ಷದ್ದೋ. ಅದರ ಕೆಳಗೆ ಇನ್ಯಾರೋ "ನಮ್ಮೂರಲ್ಲೂ ಐದು ಜನ ಇದ್ದಾರೆ" ಅಂತ ಬರೆದಿದ್ದರು.

"ಅವ್ರವ್ರೇ ಮಾತಾಡೋದು ಬಂಗಾಳಿ ಥರ ಐತೆ ಸಾರ್. ಲುಂಗಿ ಉಡ್ತಾರೆ. ಭಾನುವಾರ ಬಂತು ಅಂದ್ರೆ ಮೀನು."

ಲುಂಗಿ ಉಟ್ಟು ಮೀನು ತಿನ್ನುವವರೆಲ್ಲ ಹೊರದೇಶದವರಾದರೆ ನಮ್ಮ ಮಂಗಳೂರಿನವರ ಗತಿ ಏನು? ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹುಡುಗರಲ್ಲಿ ಮೂವರು ಅಸ್ಸಾಮಿನ ಬರ್ಪೇಟಾ ಜಿಲ್ಲೆಯವರು, ಇಬ್ಬರು ಪಶ್ಚಿಮ ಬಂಗಾಳದ ಮಾಲ್ಡಾದವರು. ಬಂಗಾಳಿ ಮಾತಾಡಿದರೆ ಬಾಂಗ್ಲಾದೇಶ ಅನ್ನುವುದಾದರೆ ಕಷ್ಟ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲೇ ಬಂಗಾಳಿಯನ್ನು ಮಾತೃಭಾಷೆ ಅಂದವರು 9.7 ಕೋಟಿ. ಕನ್ನಡ ಅಂದವರು 4.3 ಕೋಟಿ ಚಿಲ್ಲರೆ. ಓನರಿಗೆ ಇದನ್ನೂ ಹೇಳಿದೆ. "ಅದೆಲ್ಲ ಇರ್ಲಿ ಸಾರ್, ನೀವು ಒಂದ್ಸಲ ಬನ್ನಿ" ಅಂದರು.

ನಾನು ಹೋಗುವ ಮೊದಲೇ ಮರುದಿನ ಬೆಳಿಗ್ಗೆ ಎಸ್‌ಬಿಯ, ಅಂದರೆ ಪೊಲೀಸ್ ಸ್ಪೆಷಲ್ ಬ್ರಾಂಚಿನ, ಹೆಡ್ ಕಾನ್‌ಸ್ಟೆಬಲ್ ಒಬ್ಬರು ಕಾರ್ಖಾನೆಗೇ ಬಂದರು. ಯೂನಿಫಾರ್ಮ್ ಇಲ್ಲ. ಅರ್ಧ ತೋಳಿನ ಶರ್ಟು, ಕಂಕುಳಲ್ಲಿ ಒಂದು ಡೈರಿ. ಪೊಲೀಸ್ ಜೀಪು ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತೆ ಅಂತ ಊರಿನವರು ಕಾಯುತ್ತಿದ್ದರು. ಇವರು ಬಂದಿದ್ದು ಬೈಕಿನಲ್ಲಿ, ರೇನ್‌ಕೋಟ್ ಹಾಕಿಕೊಂಡು. ಹುಡುಗರನ್ನು ಕರೆಸಿ ಅಂದರು. ಮೂವರು ಬಂದರು. ಮಾಲ್ಡಾದ ಇಬ್ಬರು ಇರಲಿಲ್ಲ. ಹಿಂದಿನ ರಾತ್ರಿಯೇ ಬ್ಯಾಗ್ ಎತ್ತಿಕೊಂಡು ಹೊರಟುಹೋಗಿದ್ದರು.

ಮೂವರಲ್ಲಿ ಚಿಕ್ಕವನಿಗೆ 22 ವರ್ಷ. ಅವನ ಕೈಯಲ್ಲಿ ನೀಲಿ ಬಣ್ಣದ ಪ್ಲಾಸ್ಟಿಕ್ ಫೈಲ್ ಇತ್ತು, ಗುಂಡಿ ಒತ್ತಿ ಮುಚ್ಚುವಂಥದ್ದು. ನಾನು ಕೇಳಿದ್ದು ಆಧಾರ್ ಮಾತ್ರ. ಅವನು ಮೇಜಿನ ಮೇಲೆ ಒಂದೊಂದಾಗಿ ಇಡುತ್ತಾ ಹೋದ. 1966ರ ಮತದಾರರ ಪಟ್ಟಿಯ ಜೆರಾಕ್ಸು, ಅದರಲ್ಲಿ ಅವನ ಅಜ್ಜನ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ. ಅಪ್ಪನ ವೋಟರ್ ಕಾರ್ಡು. ಅಜ್ಜನ ಮಗ ಇವನೇ ಅಪ್ಪ ಅಂತ ತೋರಿಸುವ ಕಾಗದ. ಅಪ್ಪನ ಮಗ ನಾನೇ ಅಂತ ತೋರಿಸುವ ಕಾಗದ. ಕೊನೆಗೆ ಎನ್‌ಆರ್‌ಸಿ, ಅಂದರೆ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯ ಪ್ರಿಂಟು.

ಅಸ್ಸಾಮಿನಲ್ಲಿ ಇದೆಲ್ಲ ಬೇಕೇ ಬೇಕು. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ತಾನೋ ತನ್ನ ಹಿರಿಯರೋ ಇಲ್ಲಿದ್ದರು ಅಂತ ಕಾಗದದಲ್ಲಿ ತೋರಿಸಿದವರಿಗೆ ಮಾತ್ರ ಎನ್‌ಆರ್‌ಸಿಯಲ್ಲಿ ಜಾಗ. 3.3 ಕೋಟಿ ಜನ ಅರ್ಜಿ ಹಾಕಿದ್ದರು. 2019ರ ಆಗಸ್ಟ್ 31ಕ್ಕೆ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಜಾಸ್ತಿ ಜನ ಹೊರಗುಳಿದಿದ್ದರು. ಈ ಹುಡುಗನ ಮನೆಯ ಆರು ಜನರಲ್ಲಿ ಐದು ಜನರ ಹೆಸರು ಬಂದಿದೆ. ಅಕ್ಕನದು ಬಂದಿಲ್ಲ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಕಾಗದ. ಯಾಕೆ ಅಂದರೆ ಅವನಿಗೂ ಗೊತ್ತಿಲ್ಲ.

ನನ್ನ ಅಜ್ಜ 1966ರಲ್ಲಿ ವೋಟು ಹಾಕುವ ವಯಸ್ಸಿನವರೇ. ಅದಕ್ಕೆ ಪುರಾವೆ ಕೊಡು ಅಂದರೆ ನಾನು ಎಲ್ಲಿಗೆ ಹೋಗಬೇಕು ಅಂತ ಆ ಮೇಜಿನ ಮುಂದೆ ಕೂತೇ ಯೋಚನೆ ಮಾಡಿದೆ. ಗುಬ್ಬಿ ತಾಲ್ಲೂಕಿನ ನಮ್ಮ ಹಳೇ ಮನೆಯ ಅಟ್ಟದ ಮೇಲೆ ಒಂದು ಪಹಣಿ ಇರಬಹುದು, ಇಲಿ ತಿನ್ನದೆ ಉಳಿದಿದ್ದರೆ.

"ಆಧಾರ್ ಇದೆಯಲ್ಲ ಸರ್, ಸಾಲಲ್ವಾ?" ಅಂತ ಹೆಡ್ ಕಾನ್‌ಸ್ಟೆಬಲ್‌ರನ್ನು ಕೇಳಿದೆ. ಅವರು ನಕ್ಕರು. ಆಧಾರ್ ಗುರುತಿನ ಪುರಾವೆ, ಪೌರತ್ವದ್ದಲ್ಲ ಅಂತ ಆಧಾರ್ ಪತ್ರದ ಮೇಲೇ ಬರೆದಿರುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಹೊರದೇಶದವರಿಗೂ ಸಿಗುತ್ತದೆ. ಹನ್ನೆರಡು ವರ್ಷದಿಂದ ಎಚ್‌ಆರ್ ಅಂತ ಹೇಳಿಕೊಂಡು ಓಡಾಡುವ ನನಗೆ ಅದು ಅವತ್ತು ಗೊತ್ತಾಯಿತು. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಬೇರೆ ಕೇಸಿನಲ್ಲಿ ತಪ್ಪು ಮಾಡಿದ್ದಾನೆ ಅಂತ ಪೊಲೀಸರು ತೋರಿಸಬೇಕು. ಈ ಕಾನೂನಿನಲ್ಲಿ ಹಾಗಲ್ಲ. ನಾನು ವಿದೇಶಿಯಲ್ಲ ಅಂತ ಆ ಮನುಷ್ಯನೇ ತೋರಿಸಬೇಕು. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್. ಹುಡುಗ ಯಾಕೆ ಅಷ್ಟೊಂದು ಕಾಗದ ಹೊತ್ತು ತಿರುಗುತ್ತಾನೆ ಅಂತ ಆಗ ಅರ್ಥವಾಯಿತು.

ಅವರು ಮೂವರ ಊರು, ಠಾಣೆ, ಅಪ್ಪನ ಹೆಸರು ಬರೆದುಕೊಂಡರು. ಅವರವರ ಊರಿನ ಠಾಣೆಗೆ ಪತ್ರ ಹೋಗುತ್ತದೆ, ಉತ್ತರ ಬರುವ ತನಕ ಕೆಲಸ ಮಾಡಿಕೊಂಡಿರಲಿ ಅಂದರು. ಟೀ ಮುಗಿಯಿತು. ಬೀಳ್ಕೊಡಲು ನಾನೂ ಎದ್ದೆ.

ಬಾಗಿಲಿನ ಹತ್ತಿರ ನಮ್ಮ ಕೊರಿಯಾದ ಇಂಜಿನಿಯರ್ ಎದುರಾದರು. ಹಳದಿ ಹೆಲ್ಮೆಟ್, ಕೈಯಲ್ಲಿ ಲ್ಯಾಪ್‌ಟಾಪ್. ಹೆಡ್ ಕಾನ್‌ಸ್ಟೆಬಲ್‌ರನ್ನು ನೋಡಿ ಅರ್ಧ ಬಾಗಿ ನಮಸ್ಕಾರ ಮಾಡಿ ಒಳಗೆ ಹೋದರು.

"ಇವರು ಯಾವಾಗ ಬಂದ್ರು?"

"9ನೇ ತಾರೀಖು, ಭಾನುವಾರ ಸರ್."

"ಸಿ ಫಾರ್ಮ್ ಹಾಕಿದೀರಾ? ಒಂದು ಕಾಪಿ ಕೊಡಿ."

ನನ್ನ ನಾಲಿಗೆ ಒಣಗಿತು.

ಹೊರದೇಶದವರು ಯಾರೇ ಬಂದು ತಂಗಿದರೂ, ಜಾಗ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ಹಾಕಬೇಕು. ಅದೇ ಫಾರ್ಮ್ ಸಿ. ಅದು ಬರೀ ಹೋಟೆಲಿಗೆ ಅಂತ ಜನ ತಿಳಿದಿದ್ದಾರೆ. ಗೆಸ್ಟ್ ಹೌಸಿಗೂ ಇದೆ, ಮನೆ ಬಾಡಿಗೆ ಕೊಟ್ಟವರಿಗೂ ಇದೆ. ಇವರನ್ನು ನಾವು ತುಮಕೂರಿನಲ್ಲಿ ಕಂಪನಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಇಟ್ಟಿದ್ದೆವು. ಟ್ರಾವೆಲ್ ನೋಡಿಕೊಳ್ಳುವವರು ಹಾಕಿರುತ್ತಾರೆ ಅಂತ ನಾನು. ತುಮಕೂರಿನಲ್ಲಿ ನೀವಿದ್ದೀರಲ್ಲ ಅಂತ ಅವರು. ಹತ್ತು ದಿನ ಯಾರೂ ಹಾಕಿರಲಿಲ್ಲ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅವರದು ಒಂದು ವರ್ಷದ ಎಂಪ್ಲಾಯ್‌ಮೆಂಟ್ ವೀಸಾ. 180 ದಿನಕ್ಕಿಂತ ಜಾಸ್ತಿ ಅವಧಿಯ ಇಂಥ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಜಿಲ್ಲೆಯಲ್ಲಿ ಎಸ್‌ಪಿಯವರೇ ಆ ಅಧಿಕಾರಿ. 2018ರಿಂದ ಅರ್ಜಿ ಎಲ್ಲ ಇ-ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ. ಇದು ನನಗೆ ಚೆನ್ನಾಗಿ ಗೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ 23ಕ್ಕೆ ಕೆಂಪು ಸುತ್ತು ಹಾಕಿಟ್ಟಿದ್ದೆ. 9ಕ್ಕೆ 14 ಕೂಡಿಸಿದರೆ 23. ಇನ್ನೂ ನಾಲ್ಕು ದಿನ ಇದೆ ಅಂತ ಧೈರ್ಯದಿಂದಲೇ ಹೇಳಿದೆ.

"ಪಾಸ್‌ಪೋರ್ಟ್ ಕಾಪಿ ತೋರ್ಸಿ" ಅಂದರು.

ಸೀಲಿನ ಮೇಲೆ ಜೂನ್ 3 ಅಂತ ಇತ್ತು. ಚೆನ್ನೈ ವಿಮಾನ ನಿಲ್ದಾಣದ ಸೀಲು. ಅವರು ಮೊದಲು ಅಲ್ಲಿನ ಆಫೀಸಿನಲ್ಲಿ ಆರು ದಿನ ಇದ್ದು ಆಮೇಲೆ ತುಮಕೂರಿಗೆ ಬಂದಿದ್ದರು. ನಾನು ಲೆಕ್ಕ ಹಾಕಿದ್ದು ನಮ್ಮ ಗೇಟಿಗೆ ಬಂದ ದಿನದಿಂದ. ಕಾನೂನು ಲೆಕ್ಕ ಹಾಕುವುದು ದೇಶಕ್ಕೆ ಬಂದ ದಿನದಿಂದ. ಗಡುವು 17ಕ್ಕೇ ಮುಗಿದಿತ್ತು. ಅವತ್ತು 19.

ಹೆಡ್ ಕಾನ್‌ಸ್ಟೆಬಲ್ ಬೈಯಲಿಲ್ಲ. ಡೈರಿ ಮತ್ತೆ ತೆಗೆದರು. "ನಾನು ಬಂದಿದ್ದು ಬೇರೆಯವರನ್ನ ನೋಡೋಕೆ ಸಾರ್" ಅಂದರು, ಪೆನ್ನಿನ ಕ್ಯಾಪ್ ಬಿಚ್ಚುತ್ತಾ.

ಅವತ್ತು ರಾತ್ರಿ ಹನ್ನೊಂದರ ತನಕ ಆಫೀಸಿನಲ್ಲಿ ಕೂತೆ. ಮೊದಲು ಫಾರ್ಮ್ ಸಿ, ಯಾಕೆಂದರೆ ನೋಂದಣಿ ಅರ್ಜಿಗೆ ವಿಳಾಸದ ಪುರಾವೆಯಾಗಿ ಅದೇ ಬೇಕು. ಆಮೇಲೆ ಕೆಲಸದ ಒಪ್ಪಂದ, ಕಂಪನಿಯ ಮುಚ್ಚಳಿಕೆ, ಬಾಡಿಗೆ ಕರಾರು, ಫೋಟೊ. ಫೋಟೊ ಸೈಜ್ ಸರಿಯಿಲ್ಲ ಅಂತ ವೆಬ್‌ಸೈಟು ನಾಲ್ಕು ಸಲ ವಾಪಸ್ ಕಳಿಸಿತು. ತಡ ಯಾಕಾಯಿತು ಅನ್ನುವ ಪತ್ರದಲ್ಲಿ ತಪ್ಪು ನನ್ನದೇ ಅಂತ ಬರೆದು ಮ್ಯಾನೇಜರ್ ಸಹಿ ಹಾಕಿಸಿದೆ. ಆ ಸಹಿ ಹಾಕುವಾಗ ಅವರು ನನ್ನ ಮುಖ ನೋಡಿದ್ದನ್ನು ಬರೆಯುವುದು ಬೇಡ. ದಂಡ ಕಟ್ಟಿದೆವು. ಕೆಲವು ದಿನದಲ್ಲಿ ನೋಂದಣಿ ಆಯಿತು. ಅಲ್ಲಿಗೆ ಮುಗಿಯಿತು.

ಕೊರಿಯಾದವರಿಗೆ ಇಷ್ಟೆಲ್ಲ ಆಗಿದ್ದೇ ಗೊತ್ತಾಗಲಿಲ್ಲ. ಬಂದ ವಾರದಲ್ಲಿ ಎರಡು ಸಲ "ರಿಜಿಸ್ಟ್ರೇಷನ್?" ಅಂತ ಕೇಳಿದ್ದರು. ಟೈಮ್ ಇದೆ ಅಂತ ನಾನೇ ಹೇಳಿದ್ದೆ. ಮುಂದಿನ ಭಾನುವಾರವೂ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರು. ಅವರ ಬಗ್ಗೆ ಯಾವ ವಾಟ್ಸಾಪ್ ಗ್ರೂಪಿನಲ್ಲೂ ಯಾರೂ ಏನೂ ಬರೆಯಲಿಲ್ಲ. ಅವರಿದ್ದ ಬೀದಿಯವರು ಅವರ ಜೊತೆ ಸೆಲ್ಫಿ ತೆಗೆಸಿಕೊಂಡಿದ್ದರು.

ಇಡೀ ಪ್ರಕರಣದಲ್ಲಿ ಕಾನೂನು ಮೀರಿದ್ದು ಒಂದೇ ಕಡೆ, ಅದೂ ನನ್ನ ಮೇಜಿನ ಮೇಲೆ. ಆದರೆ ಹೆದರಿ ಊರು ಬಿಟ್ಟವರು ಮಾಲ್ಡಾದ ಇಬ್ಬರು. ಅವರ ಹನ್ನೊಂದು ದಿನದ ಸಂಬಳ ಬ್ಯಾಂಕಿಗೆ ಹಾಕಿಸಿದೆ. ಫೋನ್ ಮಾಡಿದರೆ ಹೊಸಕೋಟೆ ಕಡೆ ಎಲ್ಲೋ ಕೆಲಸಕ್ಕೆ ಸೇರಿದ್ದೇವೆ ಅಂದರು. ವಾಪಸ್ ಬರಲಿಲ್ಲ.

ಓನರಿಗೆ ನಾನೇ ಹೋಗಿ ಹೇಳಿದೆ. ಪೊಲೀಸಿನವರು ನೋಡಿ ಹೋಗಿದ್ದಾರೆ, ಕಾಗದ ಎಲ್ಲ ಸರಿ ಇದೆ.

"ಸರಿ ಇದ್ರೆ ಆ ಇಬ್ರು ಯಾಕ್ ಸಾರ್ ಓಡೋದ್ರು?"

ಇದಕ್ಕೆ ಏನು ಹೇಳ್ತೀರಿ? ಹೆದರಿಸುವುದು ಊರಿನವರೇ, ಹೆದರಿ ಹೋದರೆ ಅದೇ ಸಾಕ್ಷಿ.

2025ರ ಫೆಬ್ರವರಿಯಲ್ಲಿ ಇದೇ ಮಾತು ಬೇರೆ ವೇಷದಲ್ಲಿ ನಮ್ಮ ಕ್ಯಾಂಟೀನಿಗೆ ಬಂತು. ಅಮೆರಿಕದ ಮಿಲಿಟರಿ ವಿಮಾನ 104 ಜನ ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿದ ದಿನ ಅದು, ಫೆಬ್ರವರಿ 5. ಕೈಗೆ ಬೇಡಿ, ಕಾಲಿಗೆ ಸರಪಳಿ. ಟಿವಿ ಮುಂದೆ ತಟ್ಟೆ ಹಿಡಿದು ನಿಂತವರಿಗೆಲ್ಲ ಸಿಟ್ಟು. ನಮ್ಮ ಪ್ರೊಡಕ್ಷನ್ ಸೂಪರ್‌ವೈಸರ್ ಒಬ್ಬರ ಅಳಿಯ ಅಮೆರಿಕದಲ್ಲಿದ್ದಾನೆ. ಎಚ್-1ಬಿ ವೀಸಾ, ಕಾಗದ ಎಲ್ಲ ಸರಿ ಇದೆ. ಆದರೂ ಅವರು ಅವತ್ತು ಊಟ ಬಿಟ್ಟು ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದರು. ಆ 104 ಜನರಲ್ಲಿ ಹರಿಯಾಣ, ಗುಜರಾತ್, ಪಂಜಾಬಿನವರೇ ಜಾಸ್ತಿ. ಹಿಂದೆಂದೂ ಹೀಗೆ ವಾಪಸ್ ಕಳಿಸಿರಲೇ ಇಲ್ಲ ಅಂತ ಎಲ್ಲರೂ ಮಾತಾಡಿಕೊಂಡರು. ಮರುದಿನ ವಿದೇಶಾಂಗ ಸಚಿವ ಜೈಶಂಕರ್ ರಾಜ್ಯಸಭೆಯಲ್ಲಿ ವರ್ಷವಾರು ಲೆಕ್ಕ ಕೊಟ್ಟರು: 2009ರಲ್ಲಿ 734 ಜನ, 2019ರಲ್ಲಿ 2,042. ಪ್ರತಿ ವರ್ಷವೂ ಆಗುತ್ತಲೇ ಇತ್ತು, ಸುದ್ದಿಯಾಗಿರಲಿಲ್ಲ. ಬೇಡಿ ಹಾಕಿದ ವಿಡಿಯೊ ಬಂದ ಮೇಲೆ ನಮಗೆ ಕಂಡಿತು.

ಅದೇ ಕ್ಯಾಂಟೀನಿನಲ್ಲಿ, ಅದೇ ವಾರ, "ಇಲ್ಲಿರೋರನ್ನೂ ಹಂಗೇ ಎತ್ತಾಕ್ಕೊಂಡ್ ಹೋಗ್ಬೇಕು" ಅಂದವರೂ ಇದ್ದರು. ಎತ್ತಿಹಾಕಿಕೊಂಡು ಎಲ್ಲಿಗೆ ಹೋಗುತ್ತಾರೆ? ಅವನು ತಮ್ಮವನು ಅಂತ ಆ ದೇಶ ಮೊದಲು ಒಪ್ಪಬೇಕು, ಪಾಸ್‌ಪೋರ್ಟ್ ಇಲ್ಲದಿದ್ದರೆ ಪ್ರಯಾಣದ ಕಾಗದ ಕೊಡಬೇಕು. ಅಲ್ಲಿಯ ತನಕ ಇಡಲು ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಒಂದು ಕೇಂದ್ರ ಇದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿತ್ತು. ಬೆಂಗಳೂರಿಗೆ ಹೋಗುವಾಗ ನೆಲಮಂಗಲ ದಾಟಿಯೇ ಹೋಗುತ್ತೇವೆ, ಆದರೆ ಅಲ್ಲಿ ಹೀಗೊಂದು ಜಾಗ ಇದೆ ಅಂತ ನಮ್ಮ ಕ್ಯಾಂಟೀನಿನಲ್ಲಿ ಇಬ್ಬರಿಗೋ ಮೂವರಿಗೋ ಗೊತ್ತಿತ್ತು.

2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ, ವಲಸೆ ಮತ್ತು ವಿದೇಶಿಯರ ಕಾಯ್ದೆ. 1920, 1939, 1946 ಮತ್ತು 2000ದ ನಾಲ್ಕು ಹಳೇ ಕಾಯ್ದೆಗಳು ಹೋದವು. ಫಾರ್ಮಿನ ಹೆಸರು ಬದಲಾದರೂ ನಾವು ಹಳೇ ರೂಢಿಗೆ ಇನ್ನೂ ಸಿ ಫಾರ್ಮ್ ಅಂತಲೇ ಅನ್ನುತ್ತೇವೆ.

ಈಗ ಯಾರೇ ಬರಲಿ, ವಿಮಾನದಿಂದ ಇಳಿದ ತಕ್ಷಣ ಪಾಸ್‌ಪೋರ್ಟಿನ ಸೀಲಿನ ಫೋಟೊ ನನಗೆ ಕಳಿಸಬೇಕು. ಅದು ಬಂದ ಮೇಲೇ ಕ್ಯಾಲೆಂಡರಿಗೆ ಪೆನ್ ಮುಟ್ಟಿಸುವುದು. ಫಾರ್ಮ್ ಸಿ ನನ್ನ ಕೆಲಸ, ಬೇರೆ ಯಾರ ಮೇಲೂ ಬಿಡುವುದಿಲ್ಲ. ಕಾಂಟ್ರಾಕ್ಟರ್ ಹೊಸಬರನ್ನು ಕರೆತಂದರೆ, ರೂಮಿನ ಓನರನ್ನು ಮೊದಲೇ ಆಫೀಸಿಗೆ ಕರೆಸಿ, ಟೀ ಕೊಟ್ಟು, ಹುಡುಗರ ಎದುರಿಗೇ ಕಾಗದ ತೋರಿಸುತ್ತೇನೆ. ಫೋನ್ ಬರುವುದು ಪೂರ್ತಿ ನಿಂತಿಲ್ಲ. ಖಾಲಿಯಾದ ಜಾಗಕ್ಕೆ ರಾಯಚೂರಿನ ಇಬ್ಬರು ಬಂದಾಗ, "ಇವ್ರ ಮಾತೂ ಅರ್ಥ ಆಗಲ್ಲ ಸಾರ್" ಅಂತ ಅದೇ ಓನರ್ ಫೋನ್ ಮಾಡಿದ್ದರು.

ಬರ್ಪೇಟಾದ ಹುಡುಗ ಇನ್ನೂ ನಮ್ಮಲ್ಲೇ ಇದ್ದಾನೆ. ಅವರ ಊರಿನ ಠಾಣೆಯಿಂದ ಉತ್ತರ ಬಂತು, ಏನೂ ತೊಂದರೆ ಇಲ್ಲ ಅಂತ. ಅದಾದ ಒಂದು ವಾರಕ್ಕೆ ಅವನು ನನ್ನ ಟೇಬಲ್ ಹತ್ತಿರ ಬಂದು, ಎಲ್ಲ ಕಾಗದದ ಒಂದೊಂದು ಜೆರಾಕ್ಸ್ ಆಫೀಸಿನಲ್ಲಿ ಇಟ್ಟುಕೊಳ್ತೀರಾ ಸರ್ ಅಂತ ಕೇಳಿದ. ರೂಮಿನ ಶೀಟು ಸೋರುತ್ತಂತೆ. ಬೀರುವಿನಲ್ಲಿ ಕೊರಿಯಾದವರ ಪಾಸ್‌ಪೋರ್ಟ್ ಕಾಪಿ ಇಡುವ ಖಾನೆಯ ಕೆಳಗೆ ಜಾಗ ಇತ್ತು, ಅಲ್ಲಿ ಇಟ್ಟಿದ್ದೇನೆ. ಅಸಲು ಮಾತ್ರ ಆ ನೀಲಿ ಫೈಲಿನಲ್ಲೇ ಇದೆ, ಶಿಫ್ಟಿಗೆ ಬರುವಾಗಲೂ ಊಟದ ಡಬ್ಬಿ ಜೊತೆ ಬ್ಯಾಗಿನಲ್ಲಿ ತರುತ್ತಾನೆ.