ಮೈ ಇನ್ನೂ ಸುಡ್ತಿತ್ತು, ನಾನು ಕಾವು ಅಳೀಲಿಲ್ಲ

ಹಾವೇರಿ ಜಿಲ್ಲಾದಾಗ ಪೋಸ್ಟ್ ಮಾರ್ಟಮ್ ಕೆಲಸಕ್ಕ ಬಂದ ಹೊಸದರಾಗಿನ ಮಾತು. 26 ವರ್ಷದ ಹುಡುಗ, ಲಾರಿ ಮ್ಯಾಲೆ ಹೋಗಾಂವ, ರಾತ್ರಿ ಢಾಬಾದ ಹಿಂದ ಬಿದ್ದಿದ್ದ ಅಂತ ತಂದ್ರು. ಪೊಲೀಸರ ಕಾಗದದಾಗ ಹಾರ್ಟ್ ಅಟ್ಯಾಕ್ ಇರಬಹುದು ಅಂತಿತ್ತು. ಸತ್ತು ಎರಡು ತಾಸಿನ ಮ್ಯಾಲಾಗಿತ್ತು, ಆದ್ರೂ ಬಗಲಾಗ ಕೈ ಹಾಕಿದ್ರ ಗ್ಲೌಸ್ ಇದ್ದರೂ ಜ್ವರ ಬಂದ ಕೂಸಿನ ಮೈ ಸುಟ್ಟಂಗ ಸುಡ್ತಿತ್ತು. ಏಪ್ರಿಲ್ ಸೆಕಿ ಅಂತ ಬಿಟ್ಟು, ಕಾವು ಅಳೀದ ಕೋಲ್ಡ್ ರೂಮಿಗೆ ಹಾಕಿಸಿಬಿಟ್ಟೆ. ಅದು ಮೊದಲನೇ ತಪ್ಪು.

ಮೆಥಾಂಫೆಟಮೈನ್, ಎಂಡಿಎಂಎ ಇಂಥಾ ನಶೆದ ಔಷಧಗಳು ಮೈ ಕಾವು 40, 42 ಡಿಗ್ರಿಗೂ ಏರಿಸ್ತಾವು, ಸ್ನಾಯು ಕರಗ್ತಾವು, ಹೃದಯದ ಬಡಿತ ಹಳಿ ತಪ್ಪತೈತಿ, ಒಮ್ಮೊಮ್ಮೆ ಮಿದುಳಾಗ ರಕ್ತ ಸೋರತೈತಿ. ಕೊಯ್ದು ನೋಡಿದ್ರ ಆ ಕಾವು ಎಲ್ಲೂ ಕಾಣಂಗಿಲ್ಲ. ಮೊದಲ ಅಳದ್ರಷ್ಟ ಸಿಗತೈತಿ, ಅದೂ ನಾವು ಜ್ವರ ನೋಡೋ ಥರ್ಮಾಮೀಟರಿನಾಗ ಅಲ್ಲ, ಅದು 42ಕ್ಕ ನಿಂತಬಿಡತೈತಿ, 0ಯಿಂದ 50ರ ತನಕ ತೋರಿಸೋ ಉದ್ದಂದು ಬೇಕು.

ಎರಡನೇ ತಪ್ಪು ರಕ್ತದ್ದು. ಮರುದಿನ ಹೃದಯದಿಂದ ತಗದು ಖಾಲಿ ಬಾಟಲಿಗೆ ಹಾಕಿದೆ. ಸತ್ತಮ್ಯಾಲೆ ಶ್ವಾಸಕೋಶ, ಲಿವರ್, ಹೃದಯದ ಸ್ನಾಯುವಿನಾಗಿನ ಔಷಧ ಹೊರಗ ಸೋರಿ ಅಲ್ಲಿನ ರಕ್ತಕ್ಕ ಕೂಡತೈತಿ, ಹಿಂಗಾಗಿ ಲೆಕ್ಕ ಇದ್ದದ್ದಕ್ಕಿಂತ ಹೆಚ್ಚು ಬರಬಹುದು. ತೊಡೀ ಸಂದಿನ ಫೆಮರಲ್ ರಕ್ತನಾಳ ಕಟ್ಟಿ ಅಲ್ಲಿಂದ ತಗೀಬೇಕು, 1 ಎಂಎಲ್‌ಗೆ ರಕ್ತ ಕೆಡದಂಗ 10 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಹಾಕಬೇಕು, ಇಲ್ಲಾಂದ್ರ ಕೊಕೇನ್ ಅಂತೂ ಬಾಟಲಿಯೊಳಗ ಇದ್ದಲ್ಲೇ ಒಡದು ಹೋಗತೈತಿ. ಮೂತ್ರ, ಕಣ್ಣುಗುಡ್ಡಿಯೊಳಗಿನ ದ್ರವ ಬ್ಯಾರೆ ಇಡಬೇಕು. ನಮ್ಮ ಕಡೆ ವಿಸೆರಾ, ಅಂದ್ರ ಲ್ಯಾಬಿಗೆ ಕಳಸೋ ಹೆಣದ ಒಳಗಿನ ಅಂಗದ ತುಂಡು, ಅಂದಕೂಡಲೇ ಹತ್ತಿ, ಮೆಣಸಿನಕಾಯಿ ಹೊಲಕ್ಕ ಹೊಡಿಯೋ ಎಣ್ಣಿನ ಎಲ್ಲಾರಿಗೂ ನೆನಪಾಗೋದು, ಹಂಗಾಗಿ ಲ್ಯಾಬಿನ ಫಾರ್ಮ್‌ನಾಗ ಆಂಫೆಟಮೈನ್, ಕೊಕೇನ್ ನೋಡ್ರಿ ಅಂತ ನಾವ ಬಿಡಿಸಿ ಬರೀಬೇಕು.

ರಿಪೋರ್ಟ್ ಬಂದಾಗ ಮೆಥಾಂಫೆಟಮೈನ್ ಇತ್ತು, ಪ್ರಮಾಣನೂ ಇತ್ತು. ಆದ್ರ ಹೃದಯದ ರಕ್ತದ ಆ ಅಂಕಿ ಹಿಡಕೊಂಡು ಏನ ಹೇಳಲಿ? ದಿನಾ ತಗೊಳ್ಳೋನು ತಡಕೊಳ್ಳೋ ಪ್ರಮಾಣ ಮೊದಲ ಸಲ ತಗೊಂಡಾಂವನ ಜೀವ ತಗೀತೈತಿ.

ಅದಕ್ಕ ಜೋಡಿ ಇದ್ದವರ ಮಾತು ಬೇಕು. ಹುಡುಗನ ಗೆಳೆಯ ಅವತ್ತ ಹೊರಗ ಬೇವಿನ ಗಿಡದ ಕೆಳಗ ಕುಂತಿದ್ದ, ಕೇಸ್ ಆಗತೈತಿ ಅಂತ ಅಂಜಿ ಬಾಯಿ ಬಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ತಿಂಗಳುಗಟ್ಟಲೆ ಆದಮ್ಯಾಲೆ ಚಾ ಕುಡಸಿ ಕೇಳಿದೆ. "ಅಂಗಿ ಹರಕೊಂಡು ಒಗದಾನ್ರಿ ಸರ್, ಮೈ ಉರೀತೈತಿ ಉರೀತೈತಿ ಅಂತಿದ್ದ, ಒಂದು ಕೊಡ ನೀರು ಮೈಮ್ಯಾಲೆ ಸುರಕೊಂಡ" ಅಂದ. ಅವತ್ತ ಕೇಳಿದ್ರ ಥರ್ಮಾಮೀಟರ್ ಹುಡುಕಿ ತರಸ್ತಿದ್ದೆ.

ಹುಡುಗನ ಅವ್ವ ರಾಣೆಬೆನ್ನೂರಿಂದ ಬಸ್ ಹಿಡದು ಮೂರು ಸಲ ಬಂದ್ರು, ಸೆರಗಿನ ತುದಿ ಬೆರಳಿಗೆ ಸುತ್ತಿಕೋತ "ನನ್ ಮಗಗ ಏನಾಗಿತ್ರಿ ಸಾಹೇಬ್ರ" ಅಂತ ಅದೊಂದ ಮಾತು. ನಾ ಕೊಟ್ಟ ಕಾಗದದಾಗ ಸಾವಿನ ಕಾರಣ ಖಚಿತವಾಗಿ ಹೇಳಾಕ ಬರಂಗಿಲ್ಲ ಅಂತಿತ್ತು. ಅವರಿಗೆ ಓದಾಕ ಬರ್ತಿರಲಿಲ್ಲ, ನಾನ ಓದಿ ಹೇಳಬೇಕಾತು.