ಮನೆ ಕಡೆ ಗಮನ ಇತ್ತಾ ನಿಮ್ಮಪ್ಪನಿಗೆ?

ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರಲ್ಲಿ ಸುಮಾರು ಜನ ಇದನ್ನೇ ಕೇಳಿದರು. ಅದಕ್ಕೂ ಮೊದಲು ಕಾಲೇಜಿನ ಗೆಳತಿಯರು, ಆಫೀಸಿನವರು, ಮದುವೆಯಾದ ಮೇಲೆ ಅತ್ತೆ ಮನೆಯವರು ಕೂಡ ಕೇಳಿದ್ದುಂಟು. "ಊರ ಮಕ್ಕಳಿಗೆಲ್ಲ ಖೋ ಖೋ ಕಲಿಸಿದರಲ್ಲ, ಮನೆ ಕಡೆ ಗಮನ ಇತ್ತಾ? ನಿಮಗೆ ಬೇಜಾರಾಗ್ತಿರಲಿಲ್ವಾ?" ಕೇಳುವವರದು ಕೆಟ್ಟ ಮನಸ್ಸಲ್ಲ. ಬೆಳಗ್ಗೆ ಮೈದಾನ, ಸಂಜೆ ಮೈದಾನ, ನಡುವೆ ಶಾಲೆ ಅಂದರೆ ಯಾರಿಗಾದರೂ ಹಾಗನ್ನಿಸುತ್ತದೆ. ಇಷ್ಟು ದಿನ ಎರಡು ಮಾತಲ್ಲಿ ಹೇಳಿ ಮುಗಿಸುತ್ತಿದ್ದೆ. ಈಗ ಪೂರ್ತಿ ಬರೆಯಬೇಕು ಅನ್ನಿಸಿದೆ.

ನಾನು ಹೇಳುವುದು ಇಷ್ಟು. ಅಪ್ಪ ಶಿಡ್ಲಘಟ್ಟ ಬಿಟ್ಟು ಆಚೆ ಹೆಸರು ಮಾಡಲಿಲ್ಲ. ಅದಕ್ಕೆ ಕಾರಣ ಮನೆ. ಅವರ ಹತ್ತಿರ ಅಷ್ಟೊಂದು ಹೆಣ್ಣುಮಕ್ಕಳು ಆಟ ಬಿಡದೆ ಉಳಿದರು. ಅದಕ್ಕೂ ಮನೆಯೇ ಕಾರಣ.

ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಊರವರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಮೊದಲು ದೈಹಿಕ ಶಿಕ್ಷಣದ ಸಿ.ಪಿ.ಎಡ್. ಕೋರ್ಸ್ ಮಾಡಿಕೊಂಡಿದ್ದರು, ಆಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್.ಐ.ಎಸ್.ನವರ ಆರು ವಾರದ ಕೋಚಿಂಗ್ ಕೋರ್ಸನ್ನೂ ಮುಗಿಸಿದರು. ಖೋ ಖೋ ಯಾಕೆ ಹಿಡಿದರು ಅಂದರೆ ಅದಕ್ಕೆ ದುಡ್ಡು ಬೇಡ. 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ, ಸುಣ್ಣದ ಪುಡಿ, ಎರಡು ಕಂಬ ಇದ್ದರೆ ಆಯಿತು. ಕಂಬ ನೆಲದಿಂದ 120 ಸೆಂಟಿಮೀಟರಿಗೆ ಕಮ್ಮಿ ಇರಬಾರದು. ನಮ್ಮ ಕಡೆ ನೀಲಗಿರಿಗೇನು ಬರ? ಬಡಗಿ ಹತ್ತಿರ ಹೆರೆಸಿ ತರುತ್ತಿದ್ದರು. ಆದರೆ ಅದನ್ನು ಹಾಗೇ ನೆಡುತ್ತಿರಲಿಲ್ಲ. ಮನೆ ಜಗಲಿ ಮೇಲೆ ಮಲಗಿಸಿಕೊಂಡು ಉಪ್ಪುಕಾಗದ ಹಾಕಿ ಉಜ್ಜುತ್ತಾ ಕೂರುತ್ತಿದ್ದರು. ಉಜ್ಜುವುದು, ಅಂಗೈ ಸವರಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ನನ್ನನ್ನೋ ತಮ್ಮನನ್ನೋ ಕರೆದು "ಕೆನ್ನೆ ಇಟ್ಟು ನೋಡು, ಎಲ್ಲಾದ್ರೂ ಚುಚ್ಚುತ್ತಾ?" ಅನ್ನುತ್ತಿದ್ದರು. ಕಂಬ ಹಿಡಿದು ಗಿರ್ರನೆ ತಿರುಗುವ ಹುಡುಗಿಯ ಅಂಗೈಗೆ ಒಂದು ಸಿಬಿರು ಹೊಕ್ಕರೂ ಮಾರನೇ ದಿನ ಅವಳು ಕಂಬದ ಹತ್ತಿರ ಹೆದರುತ್ತಾಳೆ, ಹೆದರಿದವಳು ಔಟ್ ಆಗುತ್ತಾಳೆ ಅನ್ನುವುದು ಅವರ ಲೆಕ್ಕ.

ನಮ್ಮದು ರೇಷ್ಮೆ ಊರು. ರಾಮನಗರ ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಗೂಡಿನ ಮಾರುಕಟ್ಟೆ ನಮ್ಮದೇ. ಟೀಮಿನ ಹುಡುಗಿಯರಲ್ಲಿ ಸುತ್ತಲ ಹಳ್ಳಿಯವರ ಮನೆಯಲ್ಲಿ ಹುಳ ಸಾಕುತ್ತಿದ್ದರು, ಊರೊಳಗಿನವರ ಮನೆಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದಿತು ಅಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹುಳ ತನ್ನ ಜೀವಮಾನವೆಲ್ಲ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಬಿಡುವ ದಿನವಂತೂ ಸ್ಕೂಲು ಮಕ್ಕಳ ಕೈಯೂ ಬೇಕೇ ಬೇಕು.

ನಮ್ಮ ಮನೆಯಲ್ಲೂ ಹುಳ ಇತ್ತು. ಅಜ್ಜಿ ನೋಡಿಕೊಳ್ಳುತ್ತಿದ್ದ ಸ್ವಲ್ಪ ಹಿಪ್ಪುನೇರಳೆ ತೋಟ. ಆ ಒಂದು ವಾರ ಅಪ್ಪ ಸಂಜೆ ಮೈದಾನಕ್ಕೆ ಹೋಗುತ್ತಿರಲಿಲ್ಲ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ನಾಳೆಯಿಂದ ಸಂಜೆ ಪ್ರಾಕ್ಟೀಸ್ ಇಲ್ಲ ಕಣ್ರಮ್ಮ, ಮನೇಲಿ ಹುಳ ಎದ್ದಿದೆ" ಅಂತ ಮಕ್ಕಳಿಗೆ ನೇರವಾಗಿ ಹೇಳಿ ಬರುತ್ತಿದ್ದರು. ತಮಗೆ ಒಂದು ನ್ಯಾಯ, ಮಕ್ಕಳಿಗೆ ಒಂದು ನ್ಯಾಯ ಅವರಲ್ಲಿ ಇರಲಿಲ್ಲ. ಅವರ ಹಾಜರಿ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ಉದ್ದದ ನೋಟ್‌ಬುಕ್ಕು, ಸ್ಕೇಲಿಟ್ಟು ಎಳೆದ ಗೆರೆ, ಬಾರದವರ ಮುಂದೆ ಕೆಂಪು ಇಂಕಿನಲ್ಲಿ ಕಾರಣ. "ನಾಲ್ಕನೇ ಜ್ವರ." "ಹಣ್ಣು ಹುಳ." "ಬೇಸಿನ್ ಮುಂದೆ ಕೂತಿದ್ದಾಳೆ, ತಾಯಿಗೆ ಹುಷಾರಿಲ್ಲ." "ಅಕ್ಕನ ಹೆರಿಗೆ." ಸುಮ್ನೆ ಗೈರುಹಾಜರಿ ಅಂತ ಬರೆದದ್ದು ಹುಡುಕಿದರೂ ಸಿಗುವುದಿಲ್ಲ. ಕಾರಣ ಗೊತ್ತಾಗದಿದ್ದರೆ ಸಂಜೆ ಸೈಕಲ್ ಹತ್ತಿ ಅವರ ಮನೆಗೇ ಹೋಗುತ್ತಿದ್ದರು.

ಇದರಿಂದ ಏನಾಯಿತು ಅಂದರೆ, ಮ್ಯಾಚಿಗೆ ಕಳಿಸಿ ಅಂತ ಕೇಳಲು ಹೋದಾಗ ಬಾಗಿಲು ಹಾಕುವವರು ಕಮ್ಮಿಯಾದರು. ಒಬ್ಬ ಹುಡುಗಿಯ ಅಪ್ಪ ನಮ್ಮ ಮನೆ ಜಗಲಿ ಮೇಲೆ ಕೂತು ಹೇಳಿದ್ದು ನನಗಿನ್ನೂ ನೆನಪಿದೆ. "ನಮ್ಮ ಹುಳದ ಟೈಮಲ್ಲಿ ಮೇಷ್ಟ್ರು ಮಗೂನ ಕರೀಲಿಲ್ಲ. ಅವರ ಮ್ಯಾಚ್ ಟೈಮಲ್ಲಿ ನಾವು ಬೇಡ ಅನ್ನೋದು ಹೆಂಗೆ?" ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಮೇಲೆ ಹೋದಂಗೆಲ್ಲ ಹೆಣ್ಣುಮಕ್ಕಳ ಟೀಮು ಕರಗುವುದು ಸೋಲಿನಿಂದ ಮಾತ್ರ ಅಲ್ಲ. ಊರು ಬಿಟ್ಟು ರಾತ್ರಿ ತಂಗಬೇಕು ಅಂದ ಕೂಡಲೇ ಮನೆಯವರು ಹಿಂದೆ ಸರಿಯುತ್ತಾರೆ. ಅಪ್ಪನ ಟೀಮಿನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಜನ ಬಸ್ ಹತ್ತುತ್ತಿದ್ದರು. ಚಡ್ಡಿ ಹಾಕಿ ಆಡಿಸಬೇಡಿ ಅಂದವರ ಮಕ್ಕಳಿಗೆ ಟ್ರ್ಯಾಕ್ ಪ್ಯಾಂಟು, ತುಂಬು ತೋಳಿನ ಶರ್ಟು. ತಲೆಗೆ ಬಟ್ಟೆ ಕಟ್ಟಿಕೊಂಡೇ ಆಡುತ್ತೇನೆ ಅಂದವಳು ಹಾಗೇ ಆಡಿದಳು. ಅಪ್ಪ ಅದನ್ನು ದೊಡ್ಡ ವಿಷಯ ಮಾಡಲೇ ಇಲ್ಲ.

ಇಲ್ಲಿ ಅಮ್ಮನ ಪಾಲು ಹೇಳದಿದ್ದರೆ ಮಾತು ಪೂರ್ತಿ ಆಗುವುದಿಲ್ಲ. ಟೀಮಿನ ಜೊತೆ ಹೆಂಗಸರೊಬ್ಬರು ಹೋಗಬೇಕು, ಶಾಲೆಯಲ್ಲಿ ಆ ದಿನಕ್ಕೆ ಮೇಡಂ ಯಾರೂ ಸಿಗುವುದಿಲ್ಲ, ಅಮ್ಮ ಹೊರಡುತ್ತಿದ್ದರು. ಆಗ ನಮಗೆ ಜಿಲ್ಲೆ ಅಂದರೆ ಕೋಲಾರ. ಚಿಂತಾಮಣಿ ಮೇಲೆ ಬಸ್ಸಿನಲ್ಲಿ ಹೋಗಿ, ಯಾವುದಾದರೂ ಶಾಲೆಯ ಕ್ಲಾಸ್‌ರೂಮಿನಲ್ಲಿ ಬೆಂಚು ಸರಿಸಿ ಮಲಗುವುದು. ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ, ಬುತ್ತಿ ಮುಗಿದ ಮೇಲೆ ಬನ್ನು, ಬಾಳೆಹಣ್ಣು. ನಾನೂ ತಮ್ಮನೂ ಅಮ್ಮನ ಸೆರಗು ಹಿಡಿದು ಹೋಗಿದ್ದೇವೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಜಿಲ್ಲಾ ಮಟ್ಟದ ಮ್ಯಾಚಿಗೆ ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಹಾಗಾಯಿತು. ಜಿಲ್ಲೆ ಆದದ್ದಕ್ಕೆ ಯಾರು ಯಾರು ಯಾಕೆ ಖುಷಿಪಟ್ಟರೋ ಗೊತ್ತಿಲ್ಲ, ನಮ್ಮಮ್ಮ ಮಾತ್ರ ಇದಕ್ಕೆ ಖುಷಿಪಟ್ಟರು.

ಇನ್ನು ನನ್ನ ವಿಷಯ. ನಾನೂ ಆಡುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕು ಮ್ಯಾಚಿಗೆ ಹನ್ನೆರಡು ಜನರ ಪಟ್ಟಿಯಲ್ಲಿ ಅಪ್ಪ ನನ್ನ ಹೆಸರು ಬಿಟ್ಟರು. ಮೈದಾನದಲ್ಲಿ ಎಲ್ಲರೆದುರು ಓದುವ ಹಿಂದಿನ ರಾತ್ರಿ, ಮನೆಯಲ್ಲಿ, ಊಟ ಆದ ಮೇಲೆ ಹೇಳಿದರು. "ನೀನು ಓಡೋದು ಚೆನ್ನಾಗಿದೆ ಪಾಪ. ಕೂತಲ್ಲಿಂದ ಏಳೋದು ತಡ."

ಈ ಮಾತು ಅರ್ಥವಾಗಬೇಕಾದರೆ ಆಟ ಸ್ವಲ್ಪ ಗೊತ್ತಿರಬೇಕು. ನಡುಗೆರೆಯ ಮೇಲೆ ಎಂಟು ಜನ ಕೂತಿರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ನಡುಗೆರೆ ದಾಟುವ ಹಾಗಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಕಂಬದ ತನಕ ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ತಪ್ಪಿಸಿಕೊಳ್ಳುವವಳಿಗೆ ಈ ಯಾವ ಕಟ್ಟೂ ಇಲ್ಲ. ಸಿಂಗಲ್ ಚೈನ್ ಹಾಕಿ ಒಬ್ಬೊಬ್ಬರ ಸಂದಿಯಲ್ಲೂ ನುಸುಳುತ್ತಾ ಹೋಗಬಹುದು. ಹಾಗಾಗಿ ಎಷ್ಟೇ ಜೋರಾಗಿ ಓಡುವವಳಾದರೂ ಒಬ್ಬಳೇ ಏನೂ ಮಾಡಲಾಗದು. ಬೆನ್ನು ಮುಟ್ಟಿ "ಖೋ" ಅಂದ ಕ್ಷಣಕ್ಕೆ ಕೂತವಳು ಎದ್ದಿರಬೇಕು. ಅಪ್ಪನ ಅರ್ಧ ಪ್ರಾಕ್ಟೀಸು ಕೂರುವುದರದ್ದೇ. ಯಾವ ಕಾಲು ಮುಂದೆ, ಕೈ ನೆಲಕ್ಕೆ ಎಲ್ಲಿ ಊರಬೇಕು, ಕಣ್ಣು ಎಲ್ಲಿರಬೇಕು. ನಮ್ಮ ಕಡೆ ಕನ್ನಡ, ತೆಲುಗು ಎರಡೂ ಕಲಸಿಕೊಂಡೇ ಬರುವುದರಿಂದ "ಪದ ಪದ, ಏಳು ಏಳು" (ತೆಲುಗಿನಲ್ಲಿ ಪದ ಅಂದರೆ ನಡಿ) ಅನ್ನುವ ಅವರ ಕೂಗು ಬೀದಿ ಕೊನೆಯ ತನಕ ಕೇಳುತ್ತಿತ್ತು.

ಪಟ್ಟಿಯಲ್ಲಿ ಹೆಸರಿಲ್ಲ ಅಂತ ನಾನು ಅತ್ತೆ. ಮಾರನೇ ದಿನ ಅಪ್ಪ ನಡುಮನೆಯ ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದರು. ಅಷ್ಟೇ. ಟಿ.ವಿ. ನೋಡುವುದು, ಅವರೆಕಾಯಿ ಬಿಡಿಸುವುದು, ಹೋಂವರ್ಕು, ಎಲ್ಲ ಆ ಚೌಕದಲ್ಲಿ ಕೂತೇ. ಬಕೆಟ್ ಹಿಡಿದು ಹಿಂದೆ ಹಾದುಹೋಗುವ ಅಮ್ಮ ಇದ್ದಕ್ಕಿದ್ದಂತೆ ಬೆನ್ನು ಮುಟ್ಟಿ "ಖೋ" ಅನ್ನುತ್ತಿದ್ದರು. ನಾನು ಅವರೆಕಾಯಿ ಚೆಲ್ಲಿ ಏಳಬೇಕು. ಅಜ್ಜಿ ಮಂಚದ ಮೇಲಿಂದಲೇ "ತಡ ಆಯ್ತು" ಅಂತ ತೀರ್ಪು ಕೊಡುತ್ತಿದ್ದರು. ಮುಂದಿನ ವರ್ಷ ಹನ್ನೆರಡರಲ್ಲಿ ನನ್ನ ಹೆಸರಿತ್ತು. ಆಡುವ ಒಂಬತ್ತರಲ್ಲಿ ಇರಲಿಲ್ಲ. ಅಷ್ಟು ನನಗೆ ಸಾಕಾಗಿತ್ತು. ಮನೆ ಕಡೆ ಗಮನ ಇತ್ತಾ ಅಂತ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಚೌಕ.

ಹಾಗಂತ ಎಲ್ಲ ಸುಸೂತ್ರ ನಡೆಯಿತು ಅಂತ ನಾನು ಹೇಳುವುದಿಲ್ಲ. ಒಂದು ವರ್ಷ ಟೀಮು ವಿಭಾಗ ಮಟ್ಟಕ್ಕೆ ಹೋಗಿತ್ತು, ತುಮಕೂರಿನಲ್ಲಿ. ಅದೇ ದಿನ ತಮ್ಮ ಸೀಬೆ ಮರದಿಂದ ಬಿದ್ದು ಕೈ ಮುರಿದುಕೊಂಡ. ಅಪ್ಪ ಸುದ್ದಿ ಕೇಳಿ ರಾತ್ರಿಯೇ ಹೊರಟು ಬಂದರು. ಕಟ್ಟು ಹಾಕಿಸಿ ಆದ ಮೇಲೆ ಬೆಳಗಿನ ಬಸ್ಸಿಗೆ ವಾಪಸ್ ಹೋಗಬಹುದಿತ್ತು. ಅಮ್ಮನೇ ಹೋಗಿ ಅಂದರು. ಅವರು ಹೋಗಲಿಲ್ಲ, ತಮ್ಮನ ಮಂಚದ ಪಕ್ಕ ಕೂತರು. ಜೊತೆಗೆ ಹೋಗಿದ್ದ ಬೇರೆ ಮೇಷ್ಟ್ರು ಟೀಮು ನಿಲ್ಲಿಸಿದರು. ಟೀಮು ಸೋತಿತು. ಕ್ಯಾಪ್ಟನ್ ಆಗಿದ್ದ ಹುಡುಗಿಗೆ ಅದು ಹೈಸ್ಕೂಲಿನ ಕೊನೆಯ ವರ್ಷ. ಅವಳು ಬಹಳ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವಳ ಸಿಟ್ಟಿನಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಮ್ಮನ್ನು ಕೇಳುವ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಲಿಲ್ಲ. ಮೈದಾನದ ಕಡೆ ಗಮನ ಇತ್ತಾ ನಿಮ್ಮ ಮೇಷ್ಟ್ರಿಗೆ ಅಂತ ಕೇಳಿದ್ದರೆ ಅವಳು ಏನನ್ನುತ್ತಿದ್ದಳೋ. ಮನೆಯನ್ನು ಬಿಡದ ಕೋಚಿನ ಬೆಲೆ ಆ ಸಲ ಕೊಟ್ಟವಳು ಅವಳು, ನಾವಲ್ಲ.

ಬೆಂಗಳೂರಿನ ಒಂದು ದೊಡ್ಡ ಖಾಸಗಿ ಶಾಲೆಯವರು ಅಪ್ಪನನ್ನು ಕರೆದಿದ್ದರು. ಸಂಬಳ ಜಾಸ್ತಿ, ಇರಲು ಮನೆ, ಒಳ್ಳೆಯ ಮೈದಾನ. ಅಜ್ಜಿಗೆ ಆಗಷ್ಟೇ ಲಕ್ವ ಹೊಡೆದಿತ್ತು. ಅಜ್ಜಿ ತೋಟ ಬಿಟ್ಟು ಬರುವವರಲ್ಲ. ಅಪ್ಪ ಒಂದು ದಿನವೂ ಯೋಚನೆ ಮಾಡಿದ ಹಾಗೆ ಕಾಣಲಿಲ್ಲ. ಅಮ್ಮ ಮಾತ್ರ ಯೋಚನೆ ಮಾಡಿದ್ದರಂತೆ, ನಮ್ಮ ಓದಿನ ಸಲುವಾಗಿ. ಆಮೇಲೆ ಅದರ ಮಾತೇ ಎತ್ತಲಿಲ್ಲ. ಚೆನ್ನಾಗಿ ಆಡುವ ಹುಡುಗಿಯರನ್ನು ಅಪ್ಪ ತಮ್ಮ ಹತ್ತಿರ ಉಳಿಸಿಕೊಂಡವರೂ ಅಲ್ಲ. ಎಂಟನೇ ಕ್ಲಾಸಿಗೆ ಕ್ರೀಡಾ ಇಲಾಖೆಯ ವಸತಿ ಶಾಲೆಗೆ ಆಯ್ಕೆ ನಡೆಯುವಾಗ ತಾವೇ ಅರ್ಜಿ ತುಂಬಿ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಂದ ಮುಂದೆ ಅವರು ಬೇರೆ ಕೋಚಿನ ಶಿಷ್ಯೆಯರು. ಅಪ್ಪನ ಹೆಸರು ಎಲ್ಲೂ ಬರಲಿಲ್ಲ.

ಬೇಜಾರು ಇತ್ತಾ ಅಂತ ಕೇಳಬೇಕಾದದ್ದು ನಿಜವಾಗಿ ಅಮ್ಮನನ್ನು. ನಾನು ಕೇಳಿದೆ, ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿದ್ದಾಗ ಮನೇಲೇ ಇರ್ತಿದ್ರು" ಅಂದರು. ನಿಜ. ಸಂಜೆ ಏಳಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಮತ್ತೆ ಮ್ಯಾಚಿನ ಮಾತಿಲ್ಲ. ರಾತ್ರಿಯ ಮುದ್ದೆ ಅವರದೇ ಕೆಲಸ. ಪಾತ್ರೆಯನ್ನು ಕಾಲಲ್ಲಿ ಅಮುಕಿ ಹಿಡಿದು ಕೋಲು ತಿರುವಿದರೆ ಒಂದು ಗಂಟಿಲ್ಲ. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅವರಿಗೆ ಸ್ನಾನ ಮಾಡಿಸುವುದು, ಕೈಕಾಲು ತಿಕ್ಕುವುದು, ಎಬ್ಬಿಸಿ ನಡೆಸುವುದು ಎಲ್ಲ ಅಪ್ಪನೇ. ಅಮ್ಮನಿಗೆ ಇದ್ದ ಒಂದೇ ದೂರು ಬೇರೆ. ಹಸಿದ ಮುಖದ ಹುಡುಗಿ ಕಂಡರೆ ಹೇಳದೆ ಕೇಳದೆ ಊಟಕ್ಕೆ ಕರೆತರುತ್ತಿದ್ದರು, ಮುದ್ದೆ ಲೆಕ್ಕ ತಪ್ಪುತ್ತಿತ್ತು. ಆ ರಾತ್ರಿಗಳಲ್ಲಿ ಅಮ್ಮ ಅನ್ನ ಸಾರು ಮಾತ್ರ ಉಂಡರು ಅಂತ ನಮಗೆ ಗೊತ್ತಾದದ್ದೇ ಈಚೆಗೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಹೆಂಗಸರ ಫೈನಲ್‌ನಲ್ಲಿ ನಮ್ಮವರು ನೇಪಾಳವನ್ನು 78–40ರಲ್ಲಿ ಸೋಲಿಸಿದರು. ಟೀಮಿನಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಪ್ಪನಿಗೆ ಆಗಲೇ ಹುಷಾರಿರಲಿಲ್ಲ, ದಿಂಬಿಗೆ ಒರಗಿ ಕೂತು ನೋಡಿದರು. ನಾವೆಲ್ಲ ಪಾಯಿಂಟು ಎಣಿಸುತ್ತಿದ್ದರೆ ಅವರ ಕಣ್ಣು ಕೂತವರ ಮೇಲೆ. "ಹೆಂಗೆ ಏಳ್ತಾಳೆ ನೋಡು" ಅಂತ ತಮ್ಮನ ತೊಡೆ ತಟ್ಟಿದರು. ಆಮೇಲೆ "ಮ್ಯಾಟ್ ಇದ್ರೆ ಮೊಣಕಾಲು ಉಳಿಯುತ್ತೆ" ಅಂದರು. ಮಣ್ಣಿನ ಮೇಲೆ ಡೈವ್ ಹಾಕಿ ತರಚಿಕೊಂಡ ಎಷ್ಟು ಮೊಣಕಾಲಿಗೆ ಅವರು ಅರಿಶಿನ ಹಚ್ಚಿದ್ದರೋ.

ಈಗ ಮೈದಾನ ನೋಡಿಕೊಳ್ಳುತ್ತಿರುವುದು ಅಂದು ಮಾತು ಬಿಟ್ಟಿದ್ದ ಕ್ಯಾಪ್ಟನ್. ಅವಳೂ ದೈಹಿಕ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಚಿಕ್ಕ ಮಗುವನ್ನು ಕಂಬದ ಹತ್ತಿರ ಚಾಪೆ ಹಾಸಿ ಕೂರಿಸಿರುತ್ತಾಳೆ. ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ಹಾಜರಿ ಪುಸ್ತಕ ಒಂದನ್ನು ಕೊಡಲೇ ಅಂದೆ. ಬೇಡ ಅಕ್ಕ, ಹೊಸದು ಮಾಡಿಕೊಂಡಿದ್ದೇನೆ ಅಂದಳು. ತೆಗೆದು ತೋರಿಸಿದಳು. ಅದರಲ್ಲಿ ನಾಲ್ಕನೇ ಜ್ವರದ ಜೊತೆಗೆ "ಟ್ಯೂಷನ್" ಅನ್ನುವ ಕಾರಣವೂ ಸೇರಿದೆ. ಅದಕ್ಕೆ ಏನು ಮಾಡೋದು ಅಂತ ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ.