ಅಮ್ಮನ ಎಟಿಎಂ ಕಾರ್ಡ್ ನನ್ನ ಹತ್ರ ಇದ್ರೆ ಸಾಕಲ್ವಾ?

ಅಮ್ಮ ಆರೈಕೆ ಕೇಂದ್ರಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ಅಲ್ಲಿಂದೀಚೆಗೆ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ನಮ್ಮ ತಂದೆಯನ್ನೂ ಸೇರಿಸಿದ್ದೀವಿ. ಅವರ ಕಾರ್ಡು, ಪಿನ್ ಎರಡೂ ನನ್ನ ಹತ್ರ ಇದೆ. ಪಿಂಚಣಿ ಬಂದ ಕೂಡಲೇ ತೆಗೆದು ಅಲ್ಲಿಗೆ ಕಟ್ತೀನಿ. ಇಷ್ಟು ಸಾಕಲ್ವಾ?"

ಸಾಕಾಗುವುದಿಲ್ಲ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದು ಇರುವುದಿಲ್ಲ, ಅದು ನನಗೆ ಗೊತ್ತು. ನಾನೂ ಮೊದಲ ಒಂದು ವರ್ಷ ಹಾಗೇ ಮಾಡಿದೆ. ಆದರೆ ಆ ಕಾರ್ಡು ಅಮ್ಮನದು, ಅದರ ಹಿಂದಿರುವ ದುಡ್ಡೂ ಅಮ್ಮನದು. ಅದನ್ನು ಬಳಸೋಕೆ ನನಗೆ ಯಾರೂ ಬರೆದುಕೊಟ್ಟ ಅಧಿಕಾರ ಇರಲಿಲ್ಲ. ಎಲ್ಲ ಸರಿ ಇರುವ ತನಕ ಇದು ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನಲ್ಲೇ 2013ರಲ್ಲಿ ಒಬ್ಬ ಬಾಣಂತಿ ತನ್ನ ಕಾರ್ಡನ್ನು ಗಂಡನ ಕೈಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದ್ದರು. ಮೆಷಿನ್ ಚೀಟಿ ಕೊಟ್ಟಿತು, ದುಡ್ಡು ಕೊಡಲಿಲ್ಲ. ಕಾರ್ಡು ಬೇರೆಯವರು ಬಳಸುವಂತಿಲ್ಲ ಎಂದು ಬ್ಯಾಂಕ್ ವಾದಿಸಿತು. 2018ರಲ್ಲಿ ಗ್ರಾಹಕರ ವೇದಿಕೆ ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು. ಗಂಡ ಹೆಂಡತಿಗೇ ಹೀಗೆ.

ಹಾಗಾದರೆ ಏನು ಮಾಡಬೇಕು? ಅವರಿಗೆ ಸಹಿ ಹಾಕಲು ಕೈ, ಅರ್ಥ ಮಾಡಿಕೊಳ್ಳಲು ಮನಸ್ಸು ಎರಡೂ ಇರುವಾಗಲೇ ಬ್ಯಾಂಕಿಗೆ ಹೋಗಿ. ನಾನು ಹೇಳುವುದರಲ್ಲಿ ಮುಖ್ಯವಾದದ್ದು ಇದೇ, ಉಳಿದದ್ದೆಲ್ಲ ಆಮೇಲೆ. ಜಾಯಿಂಟ್ ಖಾತೆ ಮಾಡಿಸುವುದಾದರೆ ಫಾರ್ಮಿನಲ್ಲಿ ಯಾವ ಸಾಲಿಗೆ ಟಿಕ್ ಹಾಕಿದ್ದಾರೆ ಅಂತ ಓದಿ. 'ಐದರ್ ಆರ್ ಸರ್ವೈವರ್' ಆದರೆ ಇಬ್ಬರಲ್ಲಿ ಯಾರಾದರೂ ವ್ಯವಹಾರ ಮಾಡಬಹುದು. 'ಫಾರ್ಮರ್ ಆರ್ ಸರ್ವೈವರ್' ಆದರೆ ಮೊದಲ ಹೆಸರಿನವರು ಬದುಕಿರುವ ತನಕ ಎರಡನೆಯವರಿಗೆ ಏನೂ ಮಾಡಲು ಬರುವುದಿಲ್ಲ. ಒಂದು ಪದದ ವ್ಯತ್ಯಾಸ, ಆದರೆ ಆಸ್ಪತ್ರೆಗೆ ದುಡ್ಡು ಕಟ್ಟುವ ದಿನ ಅದೇ ದೊಡ್ಡದಾಗುತ್ತದೆ.

ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡಲು ಬರೆದುಕೊಟ್ಟ ಅಧಿಕಾರ ಪತ್ರ, ಇದೆಯಲ್ಲ ಅಂತ ಸುಮ್ನೆ ಕೂರುವವರೂ ಜಾಸ್ತಿ. ನಮ್ಮಲ್ಲಿ ಈ ವಿಷಯಕ್ಕೆ ಅನ್ವಯಿಸುವುದು 1872ರ ಕರಾರು ಕಾಯ್ದೆ. ಅದರ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಂತಾದರೆ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಅಂದರೆ ಮರೆವಿನ ಕಾಯಿಲೆ ಜೋರಾಗಿ, ನಿಮಗೆ ಆ ಕಾಗದ ನಿಜಕ್ಕೂ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಕೋರ್ಟಿಗೆ ಹೋಗಿ ಪಾಲಕರಾಗಿ ನೇಮಕ ಆಗಬೇಕು. ಕೋಮಾದಲ್ಲಿರುವವರ ವಿಷಯದಲ್ಲಿ ಎಷ್ಟೋ ಮನೆಯವರು ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾರೆ.

ಕೈ ನಡುಗುತ್ತದೆ, ಸಹಿ ಹೊಂದುವುದಿಲ್ಲ, ಆದರೆ ಬುದ್ಧಿ ಚೆನ್ನಾಗಿದೆ ಅನ್ನುವವರಿಗೆ ದಾರಿ ಇದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಮ್ಮನ ಬಲಗೈ ಪಾರ್ಶ್ವವಾಯುವಿನಿಂದ ಬಿದ್ದುಹೋದಾಗ ಬ್ಯಾಂಕಿನಿಂದ ಒಬ್ಬ ಅಧಿಕಾರಿ ಆರೈಕೆ ಕೇಂದ್ರಕ್ಕೇ ಬಂದರು. ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಹಿ ಹಾಕಲು ಆಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಕೈಬೆರಳು ಆಗದಿದ್ದರೆ ಕಾಲ್ಬೆರಳಿನ ಗುರುತೂ ನಡೆಯುತ್ತದೆ. ಆ ಅಧಿಕಾರಿ ಇಂಕ್ ಪ್ಯಾಡ್ ತೆರೆಯುವ ಮೊದಲು ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಎಷ್ಟು ತೆಗೀತಿದ್ದೀವಿ, ಯಾಕೆ, ಯಾರ ಕೈಗೆ ಕೊಡ್ತೀವಿ ಅಂತ ಅಮ್ಮನನ್ನೇ ಕೇಳಿದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ಅಮ್ಮ ತಡವರಿಸುತ್ತಾ ಮೊತ್ತ ಹೇಳಿದರು, ಆಮೇಲೆ ಹೆಬ್ಬೆಟ್ಟು ಒತ್ತಿದರು. ಮಸಿ ಒರೆಸಿಕೊಳ್ಳುವಾಗ ಅಮ್ಮನ ಮುಖದಲ್ಲಿ ಎಷ್ಟೋ ತಿಂಗಳ ನಂತರ ಒಂದು ಗತ್ತು ಕಂಡೆ.

70 ವರ್ಷ ದಾಟಿದವರಿಗೆ ಮನೆ ಬಾಗಿಲಿಗೇ ಮುಖ್ಯ ಸೇವೆಗಳನ್ನು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಶಾಖೆಯಲ್ಲಿ ಬಾಯಿಬಿಟ್ಟು ಕೇಳಿ.

ಇನ್ನು ಬರಬೇಕಾದ ದುಡ್ಡಿನ ವಿಷಯ. ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು, ಅಮ್ಮನಿಗೆ ಬರುವುದು ಕುಟುಂಬ ಪಿಂಚಣಿ. ಕೇಂದ್ರದ ಪಿಂಚಣಿದಾರರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಶೇ 100. ಕುಟುಂಬ ಪಿಂಚಣಿಗೂ ಇದು ಅನ್ವಯಿಸುತ್ತದೆ. ಅಮ್ಮನಿಗೆ 80 ತುಂಬಿ ಹತ್ತು ತಿಂಗಳಾದರೂ ಅದು ಬಂದಿರಲಿಲ್ಲ. ಪಿಪಿಒ, ಅಂದರೆ ಪಿಂಚಣಿ ಮಂಜೂರಾತಿ ಆದೇಶದ ಪುಸ್ತಕದಲ್ಲಿ ಅಪ್ಪನ ಹುಟ್ಟಿದ ದಿನ ಇತ್ತು, ಅಮ್ಮನದು ಇರಲಿಲ್ಲ. ಪ್ಯಾನ್ ಕಾರ್ಡ್ ಕೊಟ್ಟು ಸರಿ ಮಾಡಿಸಿದ ಮೇಲೆ ಬಾಕಿ ಸಮೇತ ಬಂತು. ನಿಮ್ಮ ಮನೆಯ ಪಿಪಿಒ ತೆಗೆದು ಇವತ್ತೇ ಆ ಪುಟ ನೋಡಿ.

ಜೀವಂತ ಪ್ರಮಾಣಪತ್ರ ಮರೆಯಬೇಡಿ. ಕೇಂದ್ರದ ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿಎಫ್ ಪಿಂಚಣಿಯವರು ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬೆರಳು ಒತ್ತಿ ಆನ್‌ಲೈನಿನಲ್ಲೇ ಈ ಪ್ರಮಾಣಪತ್ರ ಕೊಡುವ, 2014ರಲ್ಲಿ ಬಂದ ಜೀವನ್ ಪ್ರಮಾಣ್‌ನಿಂದಾಗಿ ಬ್ಯಾಂಕಿಗೆ ಹೊತ್ತುಕೊಂಡು ಹೋಗುವ ಕಷ್ಟ ತಪ್ಪಿದೆ. ಸವೆದ ಬೆರಳುಗಳ ಗುರುತು ಮೆಷಿನ್ನಿಗೆ ಸಿಗುವುದಿಲ್ಲ, ಅಮ್ಮನದಂತೂ ಐದು ಸಲ ಒತ್ತಿದರೂ ಸಿಗಲಿಲ್ಲ. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ಕಣ್ಣು ಮಿಟುಕಿಸಿ ಅಂತ ಆ್ಯಪ್ ಹೇಳುತ್ತದೆ. ಮಂಚವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕನ್ನಡಕ ತೆಗೆಸಿ ಮಾಡಿದೆವು. ಒಂದೇ ಸಲಕ್ಕೆ ಆಯ್ತು. ಇಲ್ಲವಾದರೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ.

ಪಿಂಚಣಿಯೇ ಇಲ್ಲದ ಬಡವರಿಗೆ ಕರ್ನಾಟಕದಲ್ಲಿ 65 ದಾಟಿದವರ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ 1,200 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಕಡಿಮೆಯೇ. ಆದರೂ ಆ ದುಡ್ಡು ಆ ಅಜ್ಜಿಯ ಹೆಸರಿಗೆ ಬರುತ್ತದೆ. ಅದನ್ನು ಮನೆ ಖರ್ಚಿಗೆ ಸೇರಿಸಿಬಿಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಮನೆ ಬರೆದುಕೊಡುವ ಮಾತು ಬಂದರೆ ಒಂದು ಎಚ್ಚರ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುತ್ತೇನೆ ಎನ್ನುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಹಾಗಾಗಿ ಷರತ್ತನ್ನು ದಾನಪತ್ರದಲ್ಲೇ ಬರೆಸಿ, ಬಾಯಿಮಾತಿಗೆ ಬಿಡಬೇಡಿ. ಮಕ್ಕಳೇ ದುಡ್ಡು ಕಿತ್ತುಕೊಳ್ಳುತ್ತಿದ್ದಾರೆ ಅನ್ನುವವರಿಗೆ 14567 ಸಹಾಯವಾಣಿ ಇದೆ.

ಮನೆಯ ಒಳಗಿನ ಜಗಳ ತಪ್ಪಿಸಿದ್ದು ಮಾತ್ರ ಒಂದು 200 ಪುಟದ ನೋಟ್‌ಬುಕ್. ಪಿಂಚಣಿ ಎಷ್ಟು ಬಂತು, ಆರೈಕೆ ಕೇಂದ್ರಕ್ಕೆ ಎಷ್ಟು ಕಟ್ಟಿದೆ, ಔಷಧಿ, ಡಯಾಪರ್, ಎಲ್ಲ ಅದರಲ್ಲಿ ಇದೆ. ತಿಂಗಳ ಕೊನೆಗೆ ಪುಟದ ಫೋಟೋ ಅಣ್ಣನಿಗೂ ತಂಗಿಗೂ ಹೋಗುತ್ತದೆ. ಆದರೆ ಅವರಿಗಿಂತ ಮೊದಲು ಅಮ್ಮನಿಗೆ ಓದಿ ಹೇಳುತ್ತೇನೆ. ಕೆಲವು ದಿನ ಅಮ್ಮ ಕೇಳಿಸಿಕೊಳ್ಳುತ್ತಾರೆ, ಕೆಲವು ದಿನ ಕಿಟಕಿ ನೋಡುತ್ತಾರೆ. ದಿಂಬಿನ ಕೆಳಗಿನ ಪರ್ಸಿನಲ್ಲಿ ಯಾವಾಗಲೂ ನೂರರ ನೋಟುಗಳು ಇರಬೇಕು ಅನ್ನುವುದು ಅವರದೇ ನಿಯಮ.

ಹೋದ ಭಾನುವಾರ ಅದರಿಂದ ಐದು ನೋಟು ತೆಗೆದು, ತಮ್ಮನ್ನು ನೋಡಿಕೊಳ್ಳುವ ಆಯಾಳ ಮಗಳ ಪರೀಕ್ಷೆ ಫೀಸಿಗೆ ಕೊಟ್ಟಿದ್ದರು. ನಾನು ನೋಟ್‌ಬುಕ್‌ನಲ್ಲಿ "ಆಯಾಗೆ 500, ಸಾಲ" ಅಂತ ಬರೆದೆ. ಓದಿ ಹೇಳಿದಾಗ ಅಮ್ಮ ತಲೆ ಅಲ್ಲಾಡಿಸಿದರು. "ಸಾಲ ಅಲ್ಲ, ನಾನು ಕೊಟ್ಟಿದ್ದು" ಅಂದರು. ಹೊಡೆದುಹಾಕಿ ಹಾಗೇ ಬರೆದೆ.